ಮೂರನೆಯ ತಗ್ಗು

ಸರ್ ಪಾಸ್ಕೋನ ಎದೆಗವಚ ನನ್ನ ಅಡಿಗಲ್ಲಿನ ಪಕ್ಕ
ಮಗುಚಿದ ಆಮೆಯ ಹಾಗೆ ಬಿದ್ದಿದೆ.
ಮೂರು ತಗ್ಗು. ಮೊದಲೆರಡು ಯುದ್ಧದ್ದಲ್ಲ:
ಒಂದು, ಅಡುಗೆಮನೆಯ ಗಿಡ್ಡ ಬಾಗಿಲದು,
ಇನ್ನೊಂದು, ರಾಣಿಗೆ ತಲೆಬಾಗುವ ಭರದಲ್ಲಿ
ಎದುರಿದ್ದ ದೀಪದ ಕಂಬಕ್ಕೆ ಹಾಯ್ದದ್ದು.
ಮೂರನೆಯದನ್ನು ಮುಟ್ಟಬೇಡ ಎಂದಿದ್ದಾನೆ.
ಹತ್ತು ವರ್ಷದಿಂದ ಅದರ ಸುತ್ತಲೇ ಬಡಿಯುತ್ತೇನೆ,
ಊಟದೆಲೆಯಲ್ಲಿ ಕಲ್ಲು ಸರಿಸಿ ಉಣ್ಣುವವಳ ಹಾಗೆ.

ಪೆಂಗಾರೆಕ್ ಕೋಟೆಯಲ್ಲಿ ಅವನನ್ನು ಕಂಡು ನಗದವರಿಲ್ಲ.
ಹತ್ತುವ ಮುನ್ನ ಕುದುರೆಯ ಅಪ್ಪಣೆ ಕೇಳುತ್ತಾನೆ,
ಇಳಿದ ಮೇಲೆ ಉಪಕಾರವಾಯಿತು ಎನ್ನುತ್ತಾನೆ.
ಪಾಳಿ ಮುಗಿದರೂ ಮುಂದಿನವನು ಬರುವ ತನಕ ನಿಲ್ಲುತ್ತಾನೆ,
ಬಂದ ಮೇಲೂ ಒಂದಷ್ಟು ಹೊತ್ತು,
ಅವನಿಗೆ ಒಂಟಿ ಅನಿಸದಿರಲಿ ಎಂದು.
ಜೋಕು ಹೇಳಿದರೆ ಗಂಭೀರವಾಗಿ ಕೇಳಿಸಿಕೊಂಡು
ಮರುದಿನ ಬೆಳಿಗ್ಗೆ ಹುಡುಕಿಕೊಂಡು ಬರುತ್ತಾನೆ:
“ಈಗ ತಿಳಿಯಿತು.” ಆಮೇಲೆ ನಗುತ್ತಾನೆ, ಒಬ್ಬನೇ,
ಪೂರಾ.

ಮತ್ತೆ ಆ ಬಾಗಿಲ ಗೀಳು.
ಯಾವ ಹೊಸ್ತಿಲು ದಾಟಿದರೂ ಹಿಂದಿರುಗಿ ನೋಡಿ
ಕದ ಹಿಡಿದು ನಿಲ್ಲುತ್ತಾನೆ. ಅಂಗಳದ ಆಚೆ ತುದಿಯಲ್ಲಿ
ಯಾರೋ ಕಂಡರೂ ಸಾಕು.
ಅವರು ಈ ಕಡೆ ಬರುತ್ತಿಲ್ಲ ಮಾರಾಯ ಅಂದರೂ ಕೇಳ.
ಹೋದ ಚಳಿಗಾಲ ಹೆಬ್ಬಾತುಗಳ ಹಿಂಡು
ಹಾಗೇ ರಾಜಸಭೆಗೆ ನಡೆದುಬಂತು, ಒಂದರ ಹಿಂದೊಂದು,
ಕಪ್ಪಕಾಣಿಕೆ ತಂದ ಪಾಳೆಯಗಾರರ ಠೀವಿಯಲ್ಲಿ.
ಮಂತ್ರಿ ಕೂಗಾಡಿದ. ನಾವೆಲ್ಲ ಹೊಟ್ಟೆ ಹಿಡಿದುಕೊಂಡಿದ್ದೆವು.
ಇವನು ಎಣಿಸುತ್ತಿದ್ದ. ಹದಿನೇಳು. ಹದಿನೆಂಟು.
“ಇನ್ನೊಂದು ಬರಬೇಕು” ಎಂದ.
ಬರಲಿಲ್ಲ. ನಗುತ್ತಿದ್ದವರಲ್ಲಿ ವಯಸ್ಸಾದವರು
ಒಬ್ಬೊಬ್ಬರೇ ಸುಮ್ಮನಾದರು.

ಅವನಿಗಾಗ ಹತ್ತೊಂಬತ್ತು ವರ್ಷ, ಉತ್ತರ ದ್ವಾರದ ಕಾವಲು.
ಬೋಳುಗುಡ್ಡದ ಮೇಲೆ ಡ್ರ್ಯಾಗನ್ನಿನ ನೆರಳು ಕಂಡರೆ
ಕದ ಇಕ್ಕು, ಬೆಳಗಾಗುವ ತನಕ ತೆಗೆಯಬೇಡ:
ಇಷ್ಟೇ ಅಪ್ಪಣೆ.
ಕಂಡಿತು. ಇಕ್ಕಿದ.
ಮೀನಿನ ಬುಟ್ಟಿ ಹೊತ್ತು ದಡದಿಂದ ಬರುತ್ತಿದ್ದವರು
ಹೊರಗುಳಿದರು. ಹತ್ತೊಂಬತ್ತು ಜನ.
ಹೆಸರು ಹಿಡಿದು ಕರೆದರಂತೆ. ಊರ ಹುಡುಗ ಅಲ್ಲವೆ.
ಅಗುಳಿ ತಡೆಯದೆಂದು ಇವನು ಎದೆ ಕೊಟ್ಟು ನಿಂತ,
ಅವರು ಆ ಕಡೆಯಿಂದ ನೂಕಿ ನೂಕಿ
ಕದದ ಉಬ್ಬುಮೊಳೆ ಕವಚದೊಳಗೆ ಇಳಿಯಿತು.
ಆಮೇಲೆ ನೂಕುವುದು ನಿಂತಿತು.
ಇವನು ನಿಂತೇ ಇದ್ದ, ಬೆಳಗಿನ ತನಕ.

ಕೋಟೆ ಉಳಿಯಿತು. ಒಳಗೆ ಒಂಬತ್ತು ವರ್ಷದ ನಾನೂ ಉಳಿದೆ.
ರಾಜ ಬೆಳ್ಳಿಯ ಪದಕ ಕೊಟ್ಟ.
ಅದನ್ನು ಬಾವಿಗೆ ಎಸೆದ ಎಂದು ಜನ ಕತೆ ಕಟ್ಟುತ್ತಾರೆ, ಸುಳ್ಳು.
ನನ್ನ ಬಳಿ ತಂದ. ಉತ್ತರ ದ್ವಾರಕ್ಕೆ ಕೀಲು ಮಾಡಿಕೊಡು,
ಬೇಗ ತೆರೆಯುವಂಥದ್ದು, ಎಂದ.
ಬೆಳ್ಳಿ ಮೆತ್ತಗಿನ ಲೋಹ, ಒಂದು ವರ್ಷವೂ ಬಾಳದು ಅಂದೆ.
ಯೋಚಿಸಿದ. “ಇನ್ನೂ ಎರಡು ಪದಕ ಇವೆ.”

ಇವತ್ತು ಕವಚ ಒಯ್ಯಲು ಬಂದಿದ್ದಾನೆ.
ಬೆನ್ನ ಹಿಂದೆ ಏನೋ. ಹೂವಲ್ಲ, ಸದ್ಯ;
ಹೊಸ ಇಕ್ಕಳ, ರಿಬ್ಬನ್ ಕಟ್ಟಿದ್ದು.
“ವೆನ್ನಾ, ನಿನ್ನ ಕೈ,” ಎಂದ, ಬಾಯಿಪಾಠ ತಪ್ಪಿತು,
“ನಿನ್ನ ಸುತ್ತಿಗೆಯ ಕೈ, ಅಂದರೆ, ಹಿಡಿ, ಚೆನ್ನಾಗಿದೆ.”
ಕಿವಿ ಕಾದ ಕಬ್ಬಿಣದ ಬಣ್ಣ.
ಇಷ್ಟೂ ಹೊತ್ತು ಬಾಗಿಲು ಹಿಡಿದೇ ಇದ್ದಾನೆ.
ಹಿಮ ಒಳಗೆ ಬರುತ್ತಿದೆ, ಕುಲುಮೆ ಮಂಕಾಗುತ್ತಿದೆ.
“ಯಾರಾದರೂ…” ಎನ್ನುತ್ತಾನೆ.
ದಾರಿ ಬೆಳ್ಳಗೆ, ಒಂದು ಹೆಜ್ಜೆಗುರುತೂ ಇಲ್ಲ,
ಅವನದರ ಹೊರತು.

ಆ ಹತ್ತೊಂಬತ್ತರಲ್ಲಿ ಒಬ್ಬ ನನ್ನ ಸೋದರಮಾವ.
ಕುಡುಕ. ಮನೆಯಲ್ಲಿ ಯಾರೂ ಅಷ್ಟಾಗಿ ಅಳಲಿಲ್ಲ.
ಇದನ್ನು ಯಾರಿಗಾದರೂ ಹೇಗೆ ಹೇಳುವುದು?
ತಿದಿ ಬಿಟ್ಟು ಎದ್ದೆ, ಅವನ ಪಕ್ಕ ನಿಂತು ಹೊರಗೆ ನೋಡಿದೆ.
“ನನ್ನ ಮಾವ ಇನ್ನು ಬರಲ್ಲ, ಪಾಸ್ಕೋ.
ಬಂದರೂ ಮೊದಲು ಸಾಲ ಕೇಳ್ತಾನೆ.
ಬಾಗಿಲು ಹಾಕು.”

ಅವನು ನಗಲಿಲ್ಲ.
ಇರಲಿ. ನಾಳೆ ಬೆಳಿಗ್ಗೆ ಬರುತ್ತಾನೆ.