ಮೂಲ ಬಿಡಿಭಾಗಗಳು ಜೊತೆಗಿವೆ

ಐದನೆಯ ಗಿರಾಕಿ. ಪೋರ್ಟ್ ಟಾಲ್ಬಟ್ಟಿನ ನಮ್ಮ ಹಿಂಬೀದಿಗೆ
ಹತ್ತಕ್ಕೆ ಬರುತ್ತೇನೆಂದವಳು ಒಂಬತ್ತೂಕಾಲಿಗೇ ಬಂದಳು,
ಜೊತೆಗೆ ಎಲ್ಲ ಬಲ್ಲ ಒಬ್ಬ ಸೋದರಮಾವ.
ಬಂದವಳೇ ಮಾತಿಗೆ ಮೊದಲು ಕೈಗವಸು ಕಳಚಿ
ಎಂಜಿನ್ನಿನ ಮೇಲೆ ಅಂಗೈ ಇಟ್ಟಳು,
ಮಗುವಿನ ಜ್ವರ ನೋಡುವ ಹಾಗೆ.
ತಣ್ಣಗಿತ್ತು. ನಾನೇನು ನಿನ್ನೆ ಹುಟ್ಟಿದವನೇ?
ಮೊದಲೇ ಬೆಚ್ಚಗೆ ಮಾಡಿಟ್ಟ ಗಾಡಿ
ಏನನ್ನೋ ಮುಚ್ಚಿಡುತ್ತದೆಂದು ನನಗೂ ಗೊತ್ತು.
"ಹೂಂ" ಎಂದಳು. ಹೆಸರು ಮಾರೆಡ್.

ಒಂದೇ ಒತ್ತಿಗೆ ಹೊತ್ತಿಕೊಂಡಿತು.
ಎದುರುಮನೆಯ ಮಿಸೆಸ್ ಪಾರ್ಫಿಟ್ ಪರದೆ ಸರಿಸಿದಳು.
ಹನ್ನೊಂದು ವರ್ಷದಿಂದ ಸರಿಸುತ್ತಿದ್ದಾಳೆ,
ನಾಳೆಯಿಂದ ಯಾವುದಕ್ಕೆ ಸರಿಸುತ್ತಾಳೋ ಪಾಪ.

ಮಾವ ಗ್ಲಾನ್‌ಮೋರ್ ಪ್ರದಕ್ಷಿಣೆ ಹಾಕಿದ.
ಹಲ್ಲು ಎಣಿಸಿ ಎತ್ತು ಕೊಳ್ಳುವವನ ಗತ್ತು.
ಟೈರು ಹುಟ್ಟಿದ ವಾರ ಓದಿದ, ಚೈನು ಎತ್ತಿ ನೋಡಿದ,
ಮುಂದಿನ ಫೋರ್ಕು ಅದುಮಿ, ಎಣ್ಣೆ ಜಿನುಗೀತೆಂದು ಬೆರಳಾಡಿಸಿದ.
"ಸೈಲೆನ್ಸರ್ ಕಂಪನಿಯದಲ್ಲ."
ಅಲ್ಲ. ಟೈಟಾನಿಯಂ. ಎಂಟುನೂರು ಪೌಂಡು.
"ಹಿಂದಿನ ಶಾಕು?"
ಅದೂ ಬೇರೆ. ಆರುನೂರು.
"ಕಾಲಿಡುವ ಪೆಗ್ಗು ಇಷ್ಟು ಮೇಲೆ, ಇಷ್ಟು ಹಿಂದೆ?"
ಆಗ ನನ್ನ ಮೊಣಕಾಲಿಗೆ ನಲವತ್ತು, ಸ್ವಾಮಿ.
ತುಟಿ ಕೊಂಕಿಸಿದ: "ಇದಕ್ಕೆ ಹಾಕಿದ ದುಡ್ಡು
ಹಾಕಿದವನಿಗೆ ದಕ್ಕುವುದಿಲ್ಲ."
ಬಲ್ಲೆ. ಮದುವೆಗೆ ಹಾಕಿದ್ದೂ ದಕ್ಕಲಿಲ್ಲ, ಅದಕ್ಕೆ ರಸೀದಿಯೂ ಇಲ್ಲ.
ಇದಕ್ಕಿದೆ, ಬಿಸ್ಕತ್ತಿನ ಡಬ್ಬದ ತುಂಬ.

ಅಟ್ಟದಿಂದ ಪೆಟ್ಟಿಗೆ ಇಳಿಸಿ ಬಿಚ್ಚಿದೆ.
ಕಂಪನಿಯ ಸೈಲೆನ್ಸರು, ಶಾಕು, ಪೆಗ್ಗು, ಲಿವರು,
ಹಳೇ ಪೇಪರಿನಲ್ಲಿ ಸುತ್ತಿದ ಕನ್ನಡಿಗಳು.
ಪೇಪರಿನಲ್ಲಿ ನಮ್ಮ ಕುಲುಮೆಗೆ ಹೊಸ ಒಳಪದರವೆಂಬ ಸುದ್ದಿ.
ಆ ಕುಲುಮೆ ಆರಿ ಈಗ ಎರಡು ಚಳಿಗಾಲ.
"ಇವನ್ನೆಲ್ಲ ಮತ್ತೆ ಕೂರಿಸಿದರೆ
ಅಂಗಡಿಯಿಂದ ಬಂದ ದಿನದ ಹಾಗೇ ಆಗುತ್ತದೆ" ಎಂದೆ.
ಅಂದ ಮೇಲೆ ಅನ್ನಿಸಿತು,
ನನಗೂ ಇಂಥದೊಂದು ಪೆಟ್ಟಿಗೆ ಯಾರಾದರೂ ಎತ್ತಿಟ್ಟಿದ್ದರೆ.

ಮಾರೆಡ್ ಹತ್ತಿ ಕೂತಳು. ಎಡಗೈ ಕ್ಲಚ್ ಹಿಡಿಯಿತು.
"ಇದನ್ನು ಯಾರು ಕತ್ತರಿಸಿದ್ದು?"

ಹಿಂದೆ ಬಂದ ನಾಲ್ವರೂ ಇಲ್ಲೇ ಎಡವಿದ್ದು.
ದೊಡ್ಡ ಕೈಯವರು. ಹೊರಗಿನ ಬೆರಳೆರಡು ಲಿವರಿನಾಚೆ
ಬರೀ ಗಾಳಿ ಹಿಡಿದವು.

ಜೇಬಿನಿಂದ ನನ್ನ ಎಡಗೈ ತೆಗೆದೆ.
ಎರಡು ಬೆರಳು, ಒಂದು ಹೆಬ್ಬೆರಳು.
ಮಾವ ಒಂದು ಗಳಿಗೆ ತಡೆದ. ವ್ಯಾಪಾರಕ್ಕೆ ಬಂದವನು ತಾನೇ:
"ಹಾಗಾದರೆ ಗಾಡಿ ಬಿದ್ದಿದೆ!"
"ಕೈ ರೋಲಿಂಗ್ ಮಿಲ್ಲಿನಲ್ಲಿತ್ತು. ಗಾಡಿ ಮನೆಯಲ್ಲಿತ್ತು."

ಅವಳು ನಗಲಿಲ್ಲ. ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು.
ಸ್ವಾನ್ಸಿಯಲ್ಲಿ ದಂತವೈದ್ಯರ ಬಳಿ ಕೆಲಸವಂತೆ;
ಪರರ ಬಾಯೊಳಗೆ ಹೋಗಿ ಬರುವ ಪುಟ್ಟ ಕೈ.
"ನನ್ನ ಹಳೇ ಗಾಡಿಯ ಲಿವರು ಎಟುಕುತ್ತಲೇ ಇರಲಿಲ್ಲ.
ಇದು ಇರಲಿ."

ಸಂತೋಷವಾಗಬೇಕಿತ್ತು.
ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ.
ನನ್ನ ಊನವನ್ನು ಅಳೆದು ಕೊಯ್ಸಿದ್ದು
ಊನವಿಲ್ಲದವಳಿಗೆ ಹೇಳಿ ಮಾಡಿಸಿದ ಹಾಗಿದೆ.

ಮೂರೂವರೆ ಸಾವಿರ ಅಂದಿದ್ದೆ. ಮಾವ ಎರಡೂಮುಕ್ಕಾಲು ಅಂದ.
ಮೂರಕ್ಕೆ ಕೈ ಕುಲುಕಿದೆವು, ಬಲಗೈ.
ನೋಟುಗಳನ್ನು ವ್ಯಾನಿನ ಮೂತಿಯ ಮೇಲೆ ಎಣಿಸಿದೆವು, ಗಾಳಿಗೆ ಹೆದರಿ.
ನೋಂದಣಿ ಪುಸ್ತಕದ ಹಸಿರು ಚೀಟಿ ಹರಿದುಕೊಟ್ಟೆ.

ಒಂದು, ಎರಡು.
ಮೂರನೆಯ ಗೇರನ್ನು ನಾನು ಚರ್ಚಿನ ಗೋಡೆಗೆ ಮುಂಚೆ ಹಾಕುತ್ತಿದ್ದೆ.
ಅವಳು ಗೋಡೆ ದಾಟಿ ಹಾಕಿದಳು.
ಆಮೇಲೆ ಕಡಲು ಮಾತ್ರ ಕೇಳಿಸಿತು.

ಎಲ್ಲ ಹೇಳಿದ್ದೆ: ಟ್ಯಾಂಕಿನಡಿಯ ಗೀರು,
ಮುರಿದು ಅಂಟಿಸಿದ ಕ್ಲಿಪ್ಪು,
ಮಳೆ ಬಂದರೆ ತಾನೇ ಮಿಣುಕುವ ಇಂಡಿಕೇಟರು.
ಒಂದನ್ನು ಬಿಟ್ಟೆ.
ಎಂಜಿನ್ ಕಾದ ಮೇಲೆ ನ್ಯೂಟ್ರಲ್ ಸಿಗುವುದಿಲ್ಲ,
ನಿಂತು ಒಂದರಿಂದ ಮೇಲಕ್ಕೆ ಎಷ್ಟು ಒದ್ದರೂ.
ನಿಲ್ಲುವ ಮುನ್ನ, ಗಾಲಿ ಇನ್ನೂ ಉರುಳುತ್ತಿರುವಾಗಲೇ
ಎರಡರಿಂದ ಕೆಳಕ್ಕೆ, ಬೂಟಿನ ಮೊನೆಯಿಂದ,
ಸೊಳ್ಳೆ ಕೂತಷ್ಟು ಭಾರ.

ಮರೆತೆ ಎಂದರೆ ನಂಬಬೇಡಿ.
ಈಗ ಅವಳು ಸ್ವಾನ್ಸಿಯ ಹಡಗುಕಟ್ಟೆಯ ಸಿಗ್ನಲಿನಲ್ಲಿರಬೇಕು,
ಕ್ಲಚ್ ಬಿಡಲಾಗದೆ,
ಎರಡು ಬೆರಳಲ್ಲಿ ಹಿಡಿದು, ಹಸಿರಿಗೆ ಕಾಯುತ್ತ.