ತಕ್ಕದ್ದು, ಬಹುದು

ಕೊಚ್ಚಿಯಿಂದ ಬಂದದ್ದು ಹನ್ನೊಂದು ಪುಟ.
ವಿಮಾ ಕಂಪನಿಯ ಪಾಲಿಸಿದಾರರ ಹಿತರಕ್ಷಣಾ ಸಮಿತಿ,
ಅದರ ರಚನೆ, ಅಧಿಕಾರ, ಕಾರ್ಯವ್ಯಾಪ್ತಿ.
ಗಡಿಯ ಗಿರಾಕಿಗಳಿಗೆ ಕನ್ನಡದಲ್ಲೂ ಒಂದಿರಲಿ ಎಂದು
ಅಲ್ಲಿ ಯಾರಿಗೋ ತೋಚಿದೆ.
ಪದಕ್ಕೆ ಒಂದೂಕಾಲು ರೂಪಾಯಿ, ಸೋಮವಾರದೊಳಗೆ.

ಕಾಸರಗೋಡಿನ ಕೋರ್ಟಿನಲ್ಲಿ
ಮೂವತ್ತೊಂದು ವರ್ಷ ತರ್ಜುಮೆ ಮಾಡಿದವ ನಾನು.
ಬೇಲಿ ಜಗಳ, ಜೀವನಾಂಶ, ಬಾವಿಯ ಪಾಲು,
ಬೈಗುಳವನ್ನೂ ಬೈಗುಳವಾಗಿಯೇ ದಾಟಿಸಿದವ.
ಈಗ ಹಳೆ ಬಸ್‌ಸ್ಟ್ಯಾಂಡಿನೆದುರು, ಮಹಡಿಯ ಮೇಲೆ,
ಬೇಕರಿಯ ಸೆಕೆ ನೆಲದಿಂದ ಏಳುವ ಕೋಣೆ.

ಪಾಲಿಸಿದಾರ ಎಂದು ಬರೆದು ನಿಂತೆ.
ಪಾಲಿಸಿ ಎಂದರೆ ನಮ್ಮಲ್ಲಿ ಅಪ್ಪಣೆ:
ಮೌನ ಪಾಲಿಸಿ, ಸರದಿ ಪಾಲಿಸಿ.
ಪಾಲಿಸಿ ಪಾಲಿಸಿ ಸವೆದವರೇ
ಪಾಲಿಸಿದಾರರು ಇರಬೇಕು.

ಸಮಿತಿಯಲ್ಲಿ ಮೂವರು. ಅವರಲ್ಲೊಬ್ಬರು ಸ್ವತಂತ್ರ ನಿರ್ದೇಶಕರು.
ವರ್ಷಕ್ಕೆ ನಾಲ್ಕು ಸಲ ಸೇರತಕ್ಕದ್ದು.
ಇಬ್ಬರು ಬಂದರೆ ಕೋರಂ.
ನಡಾವಳಿ ಬರೆದಿಡತಕ್ಕದ್ದು, ಮಂಡಳಿಗೆ ವರದಿ ಕೊಡತಕ್ಕದ್ದು.
ತಕ್ಕದ್ದು!
ಕಾನೂನು ಬಾಯಿ ಬಿಟ್ಟರೆ ಅದು ಕಟ್ಟಳೆ,
ಅಜ್ಜಿ ಬಾಯಿ ಬಿಟ್ಟರೆ ನ್ಯಾಯ:
ಹೆಗಲಿಗೆ ತಕ್ಕ ಹೊರೆ,
ಅಳುವಿಗೆ ತಕ್ಕ ಕಿವಿ.

ಒಂಬತ್ತನೆಯ ಖಂಡಕ್ಕೆ ಬರುವಾಗ ಮೆಟ್ಟಿಲಲ್ಲಿ ಕೆಮ್ಮು.
ಕಸಬಾ ಕಡಪ್ಪುರದ ದೇಯಕ್ಕ,
ಜವಳಿ ಅಂಗಡಿಯ ಚೀಲದಲ್ಲಿ ಕಾಗದಗಳು.
ದೋಣಿ ಅಳಿವೆಬಾಗಿಲ ಮರಳಿಗೆ ಬಡಿದು ಸೀಳಿ ಎಂಟು ತಿಂಗಳು.
ಅಳಿಯ ಈಜಿ ಬಂದ. ಎಂಜಿನ್ ಬರಲಿಲ್ಲ.
ಹಣವೂ ಬರಲಿಲ್ಲ: ಹೆಸರು ತಾಳೆಯಾಗುವುದಿಲ್ಲವಂತೆ.
ಪಾಲಿಸಿಯಲ್ಲಿ ಚೀರುಂಬಾ.
ಮಲಯಾಳದ ನೋಂದಣಿಯಲ್ಲಿ ಚೀಱುಂಬಾ.

ನಾವು ಶತಮಾನಗಟ್ಟಲೆ ಬಳಸಿ ಕೈಬಿಟ್ಟ ಅಕ್ಷರ.
ಪಕ್ಕದ ಲಿಪಿಯಲ್ಲಿ ಇನ್ನೂ ಉಸಿರಾಡುತ್ತಿದೆ.
ಎರಡನೆಯ ಸಲ ದೋಣಿ ಬಡಿದದ್ದು ಅದಕ್ಕೆ.

"ಇದರಲ್ಲಿ ನನ್ನದು ಎಂತಾದರೂ ಉಂಟಾ?"
ಓದಿದೆ:
ಹೆಸರಿನ ವ್ಯತ್ಯಾಸದಿಂದ ತಿರಸ್ಕೃತವಾದ ಕ್ಲೇಮುಗಳನ್ನು
ಸಮಿತಿಯು ಮರುಪರಿಶೀಲಿಸ...
ಪೆನ್ನು ನಿಂತದ್ದು ಅಲ್ಲಿಯೇ.
ಮೂಲದಲ್ಲಿ ಇದ್ದದ್ದು 'ಮೇ'. ಅಂದರೆ ಬಹುದು.
ಮಳೆ ಬರಬಹುದು, ಬಸ್ಸು ನಿಲ್ಲಬಹುದು,
ನೋಡುವ ಎಂದವರು ಕುರ್ಚಿಯಿಂದ ಏಳದೆಯೂ ಇರಬಹುದು.
ತಕ್ಕದ್ದು ಎಂದು ಬರೆದುಬಿಟ್ಟರೆ?
ಬಿಲ್ಲಿನಲ್ಲಿ ಎರಡಕ್ಕೂ ಒಂದೇ ದರ.

ಮೂವತ್ತೊಂದು ವರ್ಷದ ಕೈ ಕೇಳಲಿಲ್ಲ.
ಬಹುದು ಎಂದೇ ಬರೆಯಿತು.
ಕೊನೆಯ ಪುಟದ ಕೊನೆಯ ಸಾಲು ನೋಡಿದ್ದು ಆಮೇಲೆ:
ಅನುವಾದದಲ್ಲಿ ಭೇದ ಕಂಡುಬಂದಲ್ಲಿ
ಇಂಗ್ಲಿಷ್ ಪಾಠವೇ ಅಂತಿಮ.
ಕದ್ದಿದ್ದರೂ ನನ್ನ ಕೈಗೆ ಏನೂ ಹತ್ತುತ್ತಿರಲಿಲ್ಲ.

ದೇಯಕ್ಕನ ತಲೆಯಲ್ಲಿ ಬೇರೆಯೇ ಇತ್ತು.
"ಆ ಸ್ವತಂತ್ರದವರು, ಅವರು ಯಾರಿಂದ ಸ್ವತಂತ್ರ?
ಮೂವರಲ್ಲಿ ಒಬ್ಬರಿಗಾದರೂ
ಕಡಲಲ್ಲಿ ವಾಂತಿಯಾದದ್ದು ಉಂಟಾ?"
ಅರ್ಹತೆಯ ಖಂಡ ಮತ್ತೆ ತಿರುವಿದೆ.
ಲೆಕ್ಕಪತ್ರ, ಕಾನೂನು, ಅಪಾಯ ನಿರ್ವಹಣೆ.
ಅಪಾಯ ಇತ್ತು. ಕಡಲು ಇರಲಿಲ್ಲ.

ಕೊಚ್ಚಿಯ ಪುಟಗಳ ಮೇಲೆ ಚಾದ ಗ್ಲಾಸು ಇಟ್ಟು
ವಿಲೇಜ್ ಆಫೀಸಿಗೆ ಅರ್ಜಿ ಬರೆದೆ:
ಎರಡೂ ಒಂದೇ ದೋಣಿ,
ಎರಡೂ ಒಬ್ಬಳೇ ಅಮ್ಮನ ಹೆಸರು,
ಹಾಗೆಂದು ದೃಢಪತ್ರ ಕೊಡತಕ್ಕದ್ದು...
ಅಲ್ಲ, ಕೇಳುವವರು ಹಾಗೆ ಬರೆಯುವಂತಿಲ್ಲ,
ಕೊಡಬೇಕಾಗಿ ವಿನಂತಿ.

ಕೆಳಗೆ ಟೈಪಿಂಗಿನ ನಿಯಾಸ್ ಕೀಲಿಮಣೆಯೆಲ್ಲ ತಡಕಿ
"ಆ ಅಕ್ಷರ ಇದರಲ್ಲಿ ಇಲ್ಲ ಸಾರ್" ಅಂದ.
ಜಾಗ ಬಿಟ್ಟು ಮುದ್ರಿಸಿದ.
ಪೆನ್ನಿನಿಂದ ತುಂಬಿದೆ: ಱ.
ಮಸಿ ಒಣಗಲೆಂದು ದೇಯಕ್ಕ ಅದರ ಮೇಲೆ ಊದಿದಳು,
ಕೆಮ್ಮು ಬಂದರೂ ಬಿಡದೆ.