ಸಂತ ನಮ್ಮ ಬೀದಿಗೆ ಬಂದ ವರ್ಷ

ಲುಕ್ಬಾನಿನಲ್ಲಿ ಸಂತ ಇಸಿದ್ರೋ
ಪ್ರತಿ ಮೇ ಹದಿನೈದಕ್ಕೆ ಹೊಸ ಹಾದಿ ಹಿಡಿಯುತ್ತಾನೆ.
ಹೋದ ಸಲದ ಬೀದಿ ಈ ಸಲಕ್ಕಿಲ್ಲ.
ನಮ್ಮ ಬೀದಿಗೆ ಬಂದದ್ದು ನನಗೆ ಒಂಬತ್ತು ತುಂಬುವಾಗ.
ಅದಕ್ಕೂ ಹಿಂದೆ ಬಂದಾಗ ನಾನಿನ್ನೂ ಹೊಟ್ಟೆಯಲ್ಲಿದ್ದೆ,
ಬ್ಯಾಂಡಿನ ತಾಳಕ್ಕೆ ಒದ್ದೆನಂತೆ.

ಬೆಳೆದದ್ದನ್ನು ಮನೆಯ ಮೈಮೇಲೆ ತೊಡಿಸಬೇಕು,
ಸಂತ ನೋಡಬೇಕು, ಹರಸಬೇಕು.
ಗದ್ದೆಯವರು ತೆನೆ ಕಟ್ಟಿದರು.
ಓನ್ಯಾ ಕಿಟಕಿಯಿಂದ ಕಿಟಕಿಗೆ
ಬೆಳ್ಳುಳ್ಳಿ ಘಮ್ಮೆನ್ನುವ ಸಾಸೇಜಿನ ಸರ.
ಟೋಪಿ ಹೆಣೆಯುವವರಿಗೆ ಟೋಪಿ ಇತ್ತು,
ಕ್ಷೌರದ ನಾರ್ಸಿಸೊ ಕೂಡ
ಬಾಚಣಿಗೆಗಳ ತೋರಣ ಬಿಟ್ಟು ಬೀಗುತ್ತಿದ್ದ.

ನಮ್ಮಪ್ಪ ಬಾಸಿಲಿಯೊ
ಊರಿಗೆ ಗೋರಿ ತೋಡುವವನು.

"ನಾವೇನು ಕಟ್ಟೋಣ?"
ಅನ್ನ ಬಡಿಸುತ್ತ ಅಮ್ಮ ಕೇಳಿದಳು, ಯಾರ ಮುಖವನ್ನೂ ನೋಡದೆ.
ಅಪ್ಪ ಮೀನಿನ ಮುಳ್ಳು ಬಿಡಿಸುತ್ತಲೇ ಇದ್ದ.
"ಕಿಪಿಂಗ್ ಮಾಡು," ಅಂದ ಕೊನೆಗೆ. "ಅದಕ್ಕೆ ಅಕ್ಕಿ ಸಾಕು."

ನೆನೆಸಿದೆವು, ರುಬ್ಬಿದೆವು.
ಬನಾಹಾವ್ ಬೆಟ್ಟದ ಬುಡದಿಂದ ತಂದ ಎಲೆಗಳಿಗೆ
ಬಣ್ಣದ ಹಿಟ್ಟನ್ನು ತೆಳ್ಳಗೆ ಸವರಿ ಹಬೆಗಿಟ್ಟೆವು.
ಒಣಗಿಸಿ ಬಿಡಿಸಿದರೆ
ಎಲೆ ಹೋಗಿ ಎಲೆಯ ನರ ಮಾತ್ರ ಉಳಿದ ಹಪ್ಪಳ,
ಕೆಂಪು, ಹಳದಿ, ಕಡುಗುಲಾಬಿ.
ಬೆಳಕಿಗೆ ಹಿಡಿದರೆ ಆಚೆ ನನ್ನ ಬೆರಳು ಕಾಣುತ್ತಿತ್ತು.
ಇನ್ನೂರ ಹನ್ನೆರಡು ಆದವು.
ಮುರಿದವುಗಳ ಲೆಕ್ಕ ಬೇಡ, ತಿಂದವಳು ನಾನು.

ಆದರೂ ಬರೀ ಎಲೆ. ಬೆಳೆ ಎಲ್ಲಿ?

ಹದಿನಾಲ್ಕರ ರಾತ್ರಿ ಅಪ್ಪ ಕೈಗಾಡಿ ತಳ್ಳಿಕೊಂಡು ಬಂದ.
ತುಂಬ ಸಿಹಿಗುಂಬಳ.
ಸ್ಮಶಾನದ ಹಿಂಗೋಡೆಗೆ ಹಬ್ಬಿದ ಬಳ್ಳಿಯದು,
ಯಾರೂ ನೆಡದ್ದು, ಯಾರೂ ಕೀಳದ್ದು,
ನಾವು ಮಕ್ಕಳು ಬೆರಳು ತೋರಿಸಲೂ ಅಂಜುತ್ತಿದ್ದದ್ದು.
ಅಮ್ಮ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು.
"ಇದನ್ನಾ?"
"ನೀರು ಹಾಕಿದವನು ನಾನು," ಅಂದ ಅಪ್ಪ.
"ಇಸಿದ್ರೋನೂ ಮಣ್ಣು ಕೆದಕಿದವನೇ.
ಅವನು ಪ್ರಾರ್ಥನೆಗೆ ಕೂತರೆ ದೇವದೂತರು ಬಂದು ನೇಗಿಲು ಹಿಡಿದರು.
ನನಗೆ ಯಾರೂ ಬರಲಿಲ್ಲ."

ಬಾಗಿಲ ಎರಡೂ ಮಗ್ಗುಲಿಗೆ ಕುಂಬಳ,
ನಡುವೆ ತೊಳೆದು ಎಣ್ಣೆ ಸವರಿದ ಗುದ್ದಲಿ,
ಅದರ ಕಾವಿಗೆ ನನ್ನ ಕಡುಗುಲಾಬಿ ಹಪ್ಪಳದ ಹೂ.

ಸಂತ ಬಂದ.
ಮರದ ಕಣ್ಣು, ಎಲ್ಲ ಮನೆಯನ್ನೂ ಒಂದೇ ಥರ ನೋಡಿದ.
ಹೊತ್ತವರು ಮಾತ್ರ ನಮ್ಮ ಬಾಗಿಲಲ್ಲಿ ಬಿರುಸಾಗಿ ಹೆಜ್ಜೆ ಹಾಕಿದರು.
ಪಾದ್ರಿ ಎರಚಿದ ನೀರು
ಒಂದೋ ಎರಡೋ ಹನಿ ಗುದ್ದಲಿಗೂ ಬಿತ್ತು.

ಮೆರವಣಿಗೆ ತಿರುವು ದಾಟಿದ್ದೇ ತಡ,
ಕಟ್ಟಿದ್ದನ್ನೆಲ್ಲ ಬಿಚ್ಚಿ ಹಂಚುವ ಹೊತ್ತು.
ಓನ್ಯಾಳ ಸರಕ್ಕೆ ನೂರು ಕೈ.
ಬಾಚಣಿಗೆಗಳೂ ಹೋದವು, ಬೋಳುತಲೆಯವನೊಬ್ಬ ಎರಡು ಕಿತ್ತುಕೊಂಡ.
ಮನಿಲಾದವನ್ಯಾರೋ ನಮ್ಮ ಕುಂಬಳಕ್ಕೆ ಕೈ ಚಾಚಿದ,
ಪಕ್ಕದವರು ಕಿವಿಯಲ್ಲೇನೋ ಅಂದರು,
ಫೋಟೊ ಹೊಡೆದುಕೊಂಡು ಹಿಂದೆ ಸರಿದ.
ಅಪ್ಪ ಮೆಟ್ಟಿಲ ಮೇಲೆ ಕೂತು
ಬಾಳೆಲೆಯ ಶಾವಿಗೆಯನ್ನು ಕೈ ಮುಟ್ಟಿಸದೆ ಬಾಯಿಂದಲೇ ಹೀರುತ್ತಿದ್ದ,
ಆ ದಿನ ಊರೆಲ್ಲ ತಿನ್ನುವ ಹಾಗೆ.

ಆಗ ರುಫೀನಾ ಬಂದಳು.
ಜನವರಿಯಲ್ಲಿ ಮಗನನ್ನು ಮಣ್ಣಿಗೆ ಕೊಟ್ಟವಳು.
ಒಂದೊಂದೇ ಕಾಯಿ ತಟ್ಟಿ ನೋಡಿದಳು, ಸಂತೆಯಲ್ಲಿ ತಟ್ಟುವ ಹಾಗೆ.
"ಇದು ಗೋಡೆಯ ಯಾವ ಕಡೆಯದು?"
ಅಪ್ಪ ತುಟಿ ಒರೆಸಿಕೊಂಡ.
"ಅದು ಬಾವಿ ಕಡೆಯದು." ತಡೆದು,
"ಅವನ ಹತ್ತಿರದ್ದು ಇದು," ಎಂದು ಚಿಕ್ಕದೊಂದನ್ನು ತೋರಿಸಿದ.
ಅವಳು ಅದನ್ನೆತ್ತಿ ಸೊಂಟಕ್ಕಿಟ್ಟುಕೊಂಡು ನಾಲ್ಕು ಹೆಜ್ಜೆ ಹೋಗಿ
ತಿರುಗಿ ಬಂದಳು.
"ತೆಂಗಿನ ಹಾಲಲ್ಲಿ ಬೇಯಿಸ್ತೀನಿ. ಒಂದು ಬಟ್ಟಲು ಕಳಿಸ್ತೀನಿ."

ರಾತ್ರಿ ಬಟ್ಟಲು ಬಂತು.
ಅಮ್ಮ ಮುಚ್ಚಳ ತೆಗೆದು ತುಂಬ ಹೊತ್ತು ನೋಡಿದಳು,
ಆಮೇಲೆ ಮೂರು ತಟ್ಟೆ ಇಟ್ಟಳು.

ಉಪ್ಪು ಕೊಂಚ ಮುಂದಾಗಿತ್ತು.
ಯಾರೂ ಹೇಳಲಿಲ್ಲ.